ಆರ್ವಿಡ್ ಹಾಡಿದ ರೀತಿ

ಕೊರಿನ್ ರೆಕಾರ್ಡ್ ಪ್ಲೇಯರನ್ನು ಎದೆಗವಚಿಕೊಂಡು ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದಳು. ಅದರ ವೈರು ಬಿಚ್ಚಿಕೊಂಡು ಕಾಲಿಗೆ ತೊಡರಿತು. ಕೆಳಗೆ ಅಡಿಗೆಮನೆಯ ಬಾಗಿಲಲ್ಲಿದ್ದ ವರ್ನಾ ಕೂಗಿದಳು.

“ಅಲ್ಲೇ ನಿಲ್ಲು ಮಾರಾಯ್ತಿ! ಬೆಳಿಗ್ಗೆ ಒಬ್ಬನ್ನ ಮಣ್ಣು ಮಾಡಿ ಬಂದಿದೀವಿ. ಇವತ್ತಿಗೆ ಒಂದು ಸಾಕು.”

“ಪ್ಲಗ್ ಎಲ್ಲಿದೆ, ವರ್ನಾ?”

“ಒಂದೇ ಇರೋದು. ಅದರಲ್ಲಿ ಕಾಫಿ ಹಂಡೆ ಇದೆ. ಎರಡೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗುತ್ತೆ. ನಮ್ಮ ಜನ ಪಾದ್ರಿ ಇಲ್ದೆ ಇರ್ತಾರೆ, ಕಾಫಿ ಇಲ್ದೆ ಇರಲ್ಲ.”

“ಹಂಡೆ ಕುದಿಯೋವರೆಗೂ ಕಾಯ್ತೀನಿ.”

ವರ್ನಾ ಕೈ ಒರೆಸಿಕೊಂಡು ಬಂದು ಪ್ಲೇಯರಿನ ಒಂದು ಬದಿ ಹಿಡಿದಳು. ಹ್ಯಾಮ್ ತುಂಬಿದ ಬನ್ನುಗಳು, ಆಲೂಗಡ್ಡೆಯ ಸಲಾಡು, ಯಾರೂ ಮುಟ್ಟದ ಹಸಿರು ಜೆಲ್ಲಿ ಇವುಗಳನ್ನೆಲ್ಲ ಸರಿಸಿ ಮೇಜಿನ ತುದಿಯಲ್ಲಿ ಅದಕ್ಕೆ ಜಾಗ ಮಾಡಿದರು.

ಸತ್ತವನು ಕೊರಿನ್‌ಳ ಗಂಡ ಆರ್ವಿಡ್ ನೀಮಿ. ಕರಾವಳಿಯ ಹೋಕ್ವಿಯಮ್ ಊರಿನ ಶಾಲಾ ಬಸ್ಸಿನ ಚಾಲಕ. ಈ ಊರಿನಲ್ಲಿ ಮೂವತ್ತರ ಆಸುಪಾಸಿನ ಯಾರನ್ನೇ ಹಿಡಿದು ಕೇಳಿ, ಒಂದಲ್ಲ ಒಂದು ವರ್ಷ ಅವನ ಬಸ್ಸಿನಲ್ಲಿ ಹೋಗಿ ಬಂದವರೇ. ಗಂಟಲಿನ ಕ್ಯಾನ್ಸರಿಗೆ ದನಿಪೆಟ್ಟಿಗೆ ತೆಗೆದ ಮೇಲೆ ಅವನು ಸ್ಟೀರಿಂಗ್ ಬಿಟ್ಟು ಶೆಡ್ಡಿನಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ. ಕೊರಳಿಗೆ ಒತ್ತಿ ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಅದರಲ್ಲಿ ಒಂದು ಮಾತಾಡಿ, ಅದರ ಸದ್ದಿಗೆ ತಾನೇ ಮೈ ಕುಲುಕಿಸಿ ನಕ್ಕು, ಡ್ರಾಯರಿನೊಳಗೆ ಹಾಕಿಬಿಟ್ಟ. ಆಮೇಲೆ ಮಾತೆಲ್ಲ ಕೈಯಲ್ಲಿ, ಹುಬ್ಬಿನಲ್ಲಿ. ಅವನು ಅದಕ್ಕಾಗಿ ಕೊರಗಿದ್ದನ್ನು ಯಾರೂ ಕಾಣಲಿಲ್ಲ.

ಕೊರಗು ಹತ್ತಿದ್ದು ಕೊರಿನ್‌ಗೆ, ಅದೂ ಇವತ್ತು ಬೆಳಿಗ್ಗೆ. ಶವದ ಗಾಡಿಯ ಹಿಂದೆ ಗುಡ್ಡದ ಸ್ಮಶಾನಕ್ಕೆ ಹೋಗುವಾಗ ಅವನ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಮಾತುಗಳು ಬಂದವು, ದನಿ ಬರಲಿಲ್ಲ. ‘ಕಾರಿಗೆ ಎಣ್ಣೆ ಹಾಕಿಸಿದೆಯಾ’ ಎಂದು ಅವನು ಕೇಳುತ್ತಿದ್ದುದು ನೆನಪಿತ್ತು, ಆದರೆ ತಲೆಯೊಳಗೆ ಅದು ಕೇಳಿಸುತ್ತಿದ್ದುದು ಅವಳದೇ ದನಿಯಲ್ಲಿ. ಅವನ ದನಿಯಿದ್ದ ಹಳೆಯ ಫೋನು ಎಂದೋ ನದಿಗೆ ಬಿದ್ದಿತ್ತು. ವೀಡಿಯೊಗಳಲ್ಲಿ ಅವನಿಲ್ಲ. ತೆಗೆಯುತ್ತಿದ್ದವನೇ ಅವನು, ತೆಗೆಯುವಾಗ ಉಸಿರು ಬಿಗಿಹಿಡಿದು ನಿಲ್ಲುವವನು. ಉಳಿದದ್ದು ಹರೆಯದಲ್ಲಿ ಅವನು ಹಾಡಿದ್ದ ಈ ರೆಕಾರ್ಡು ಒಂದೇ. ಇದರಲ್ಲಿರುವುದು ಆರ್ವಿಡ್‌ನ ದನಿಯೇ, ಆದರೆ ಆರ್ವಿಡ್‌ನಂತೆ ಇಲ್ಲ. ಆದರೂ ಇಲ್ಲದಿರುವುದಕ್ಕಿಂತ ವಾಸಿ ಎಂದು ಹೊತ್ತು ತಂದಿದ್ದಳು.

“ಅದನ್ನ ಇಲ್ಲಿ ಹಾಕ್ಬೇಡ,” ಎಂದಳು ಮುಮ್ಮು. ಆರ್ವಿಡ್‌ನ ತಾಯಿ ಐಲಿಯನ್ನು ಊರೆಲ್ಲ ಮುಮ್ಮು ಎಂದೇ ಕರೆಯುತ್ತಿತ್ತು. ಫಿನ್ನಿಷ್ ಮನೆಗಳಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಕಪ್ಪು ಕೋಟಿನೊಳಗೆ ಗುಬ್ಬಿಯಂತೆ ಮುದುಡಿ ಕೂತಿದ್ದಳು.

“ಒಂದೇ ಹಾಡು, ಮುಮ್ಮು.”

“ಗೂಳಿಗೆ ಹೊಟ್ಟೆನೋವು ಬಂದಂಗಿದೆ. ನನ್ನ ಮಗನ ದನಿ ಅಲ್ಲ ಅದು.”

“ಮೂವತ್ತು ವರ್ಷದಿಂದ ಇದನ್ನೇ ಹೇಳ್ತಿದೀಯ. ಅವನೇ ಹಾಡಿದ್ದು.”

“ಹೆತ್ತವಳು ನಾನು,” ಎಂದು ಮುಮ್ಮು ಕಾಫಿ ಬರುವ ಮುಂಚೆಯೇ ಅದರ ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡಳು. ಮಾತು ಅಲ್ಲಿಗೆ ಮುಗಿಯಿತು.

*

ಕೊರಿನ್ ಯಾಕಿಮಾ ಕಡೆಯ ಸೇಬುತೋಟಗಳ ನಡುವೆ ಬೆಳೆದವಳು. ಈ ಊರಿನ ವೃದ್ಧರ ಮನೆಯಲ್ಲಿ ಕೆಲಸಕ್ಕೆಂದು ಬಂದಾಗ ಇಪ್ಪತ್ತನಾಲ್ಕು ವರ್ಷ. ಗೊತ್ತಿದ್ದವರು ಯಾರೂ ಇರಲಿಲ್ಲ. ಆಗಿನ ಕಾಲಕ್ಕೆ ಆ ಕರಾವಳಿಯ ಪ್ರತಿ ಗ್ಯಾರೇಜಿನಲ್ಲೂ ಒಂದು ಬ್ಯಾಂಡು. ಎಲ್ಲರದ್ದೂ ಚೌಕುಳಿ ಅಂಗಿ, ಎಣ್ಣೆ ಕಾಣದ ಕೂದಲು, ಕೆಸರಿನಲ್ಲಿ ಕಾಲೆಳೆದ ಹಾಗೆ ಭಾರವಾದ ಗಿಟಾರು. ಹಳೆ ಸಾಮಾನಿನ ಅಂಗಡಿಯಲ್ಲಿ ಅವಳಿಗೆ ‘ಮೊಂಡು ಗರಗಸ’ ಎಂಬ ಬ್ಯಾಂಡಿನ ರೆಕಾರ್ಡು ಸಿಕ್ಕಿತು. ಅವರು ಮಾಡಿದ್ದು ಅದೊಂದೇ. ಕಾಲೇಜು ರೇಡಿಯೋದವರು ಅದನ್ನು ದಿನವೂ ಹಾಕುತ್ತಿದ್ದರು. ಅದರ ಹಾಡುಗಾರನ ದನಿ ಬಾವಿಯ ತಳದಿಂದ ಬಂದಂತಿತ್ತು. ಕೆಲಸ ಮುಗಿಸಿ ಬಂದು ಆ ದನಿಯ ಪಕ್ಕ ನೆಲದ ಮೇಲೆ ಮಲಗಿದರೆ, ನನಗಿಂತ ಒಂಟಿಯಾದವನು ಒಬ್ಬ ಇದ್ದಾನೆ ಎಂದು ಸಮಾಧಾನವಾಗುತ್ತಿತ್ತು.

ಒಂದು ದಿನ ಅದೇ ಹಾಡನ್ನು ಗುನುಗುತ್ತ ಮುದುಕಿಯೊಬ್ಬಳ ಹಾಸಿಗೆ ಬದಲಾಯಿಸುತ್ತಿದ್ದಳು. ಮುದುಕಿಯನ್ನು ನೋಡಲು ಬಂದ ಮೊಮ್ಮಗ ಬಾಗಿಲಲ್ಲಿ ನಿಂತು ಕೇಳಿದ.

“ಅದನ್ನ ಯಾಕೆ ಅಷ್ಟು ಎಳೀತೀಯ?”

“ಇರೋದೇ ಹಾಗೆ. ನಿಂಗೇನು ಗೊತ್ತು?”

“ಹಾಡಿದ್ದು ನಾನು.”

ಕೊರಿನ್ ದಿಂಬು ಹಿಡಿದುಕೊಂಡೇ ನಕ್ಕಳು. “ನೀನಾ? ಆ ದನಿ ಎಲ್ಲಿ, ನಿನ್ನದೆಲ್ಲಿ? ನೀನು ಮಾತಾಡಿದ್ರೆ ಕೋಳಿಮರಿ ಕೂಗಿದಂಗಿದೆ.”

ಹುಡುಗ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿದ.

“ಆಗ ಸಿಗರೇಟು ಜಾಸ್ತಿ ಸೇದ್ತಿದ್ದೆ,” ಎಂದ.

ರೆಕಾರ್ಡಿನ ಕವರಿನ ಮೇಲಿದ್ದ ಚಿತ್ರ ಅವನದ್ದೇ ಆಗಿತ್ತು, ಹಾಗಾಗಿ ನಂಬಲೇಬೇಕಾಯಿತು. ಮದುವೆಯಾದ ಮೇಲೆ ಭಾನುವಾರ ಸಂಜೆ ಅವಳು ಅದನ್ನು ಹಾಕಿ ಕಣ್ಣು ಮುಚ್ಚಿ ಕೂತರೆ ಆರ್ವಿಡ್ ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದ. ಬೇಸರದಿಂದಲ್ಲ. ಅವನ ಬೆನ್ನು ನಗುತ್ತಿರುವಂತೆ ಅವಳಿಗೆ ಎಷ್ಟೋ ಸಲ ಕಂಡಿತ್ತು.

*

ಹಂಡೆ ಕುದಿಯಿತು. ವರ್ನಾ ಪ್ಲಗ್ ಕಿತ್ತು, “ತಗೋ, ಕಾಫಿ ಆರೋದ್ರೊಳಗೆ ಮುಗಿಸು,” ಎಂದಳು.

ಕೊರಿನ್ ಮುಳ್ಳನ್ನು ರೆಕಾರ್ಡಿನ ತಟ್ಟೆಯ ಮೇಲಿಟ್ಟಳು. ಗಿಟಾರು ಮರದ ದಿಮ್ಮಿ ಉರುಳಿದಂತೆ ಉರುಳಿತು. ಅದರ ಹಿಂದೆ ಆ ಬಾವಿಯ ದನಿ. ಬಸ್ ಶೆಡ್ಡಿನ ಮೆಕ್ಯಾನಿಕ್ ಲೈಲ್ ಬನ್ನು ಕೆಳಗಿಟ್ಟು ಕಣ್ಣು ಮುಚ್ಚಿದ. ಐವತ್ತು ದಾಟಿದ ಐದಾರು ಜನ, ಮಂಡಿನೋವಿನವರು, ರಕ್ತದೊತ್ತಡದವರು, ಆಗಿನ ಹಾಗೆಯೇ ತಲೆಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸತೊಡಗಿದರು. ಆಗ ಕೂದಲಿತ್ತು, ಅಷ್ಟೇ ವ್ಯತ್ಯಾಸ. ಊರಿನ ಹೆಂಡದಂಗಡಿಯಲ್ಲಿ ಕೂತು ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿದ್ದ ಹಾಡು.

ಕೊರಿನ್ ಕಿವಿ ಕೊಟ್ಟು ಕೇಳಿದಳು. ತುಂಬ ಚೆನ್ನಾಗಿತ್ತು. ಆದರೆ ಅವಳು ಹುಡುಕುತ್ತಿದ್ದವನು ಅದರಲ್ಲಿ ಇರಲಿಲ್ಲ.

ಮೆಟ್ಟಿಲ ಕಡೆಯಿಂದ ಯಾರೋ ಗಹಗಹಿಸಿ ನಕ್ಕರು.

ಎಲ್ಲರೂ ತಿರುಗಿ ನೋಡಿದರು. ದೊಡ್ಡ ಹೊಟ್ಟೆಯ ಬೋಳುತಲೆಯವನೊಬ್ಬ ಪ್ರಯಾಣದ ಚೀಲವನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

“ಯಾರಪ್ಪ ನೀನು?” ಎಂದಳು ವರ್ನಾ. “ಇದು ಸಾವಿನ ಊಟ.”

“ಗಸ್ ಪೆಲ್ಕಿ. ಅಲಾಸ್ಕಾದಿಂದ ಬಂದೆ, ವಿಮಾನ ತಡ ಆಯ್ತು. ಇದರಲ್ಲಿ ಡ್ರಮ್ ಬಾರಿಸಿದವನು ನಾನೇ.” ಅವನು ಕೈಯ ಬೆನ್ನಿನಿಂದ ಕಣ್ಣೊರೆಸಿಕೊಂಡ. “ಕ್ಷಮಿಸಿ. ಇನ್ನೂ ಹೀಗೇ ಹಾಕ್ತಿದೀರಾ ಇದನ್ನ?”

ಕೊರಿನ್ ಮುಳ್ಳು ಎತ್ತಿದಳು. “ಹೀಗೆ ಅಂದ್ರೆ?”

“ಹೀಗೆ, ನಿಮಿಷಕ್ಕೆ ಮೂವತ್ತಮೂರು ಸುತ್ತಿನಲ್ಲಿ. ಇದು ನಲವತ್ತೈದರಲ್ಲಿ ತಿರುಗಬೇಕಾದ ತಟ್ಟೆ ಕಣಮ್ಮ.”

ಲೈಲ್, “ಸುಮ್ನಿರಯ್ಯ,” ಎಂದ, ತನ್ನ ಧರ್ಮಕ್ಕೆ ಯಾರೋ ಬೈದ ಹಾಗೆ.

“ಸತ್ಯವಾಗ್ಲೂ. ತಟ್ಟೆ ಮಾಡಿಸಿಕೊಟ್ಟವನು ಲೇಬಲ್ ಮೇಲೆ ವೇಗ ಹಾಕೋದನ್ನ ಮರೆತ. ದೊಡ್ಡ ತಟ್ಟೆ ಸಾಮಾನ್ಯವಾಗಿ ನಿಧಾನ ತಿರುಗೋದು ಅಲ್ವಾ, ರೇಡಿಯೋದವರು ಮೂವತ್ತಮೂರು ಅಂದ್ಕೊಂಡು ಹಾಕಿದ್ರು. ಬೇರೆ ಕಾಲ ಆಗಿದ್ರೆ ಯಾರಾದ್ರೂ ಅನುಮಾನ ಪಡ್ತಿದ್ರು. ಆಗ ಎಲ್ಲ ಬ್ಯಾಂಡೂ ಹಾಗೇ ಇತ್ತಲ್ಲ, ಭಾರ, ನಿಧಾನ, ಗೋಳು. ‘ಆಹಾ, ಏನು ದುಃಖ, ಏನು ಆಳ’ ಅಂದ್ರು ಜನ. ನಮ್ಮದೋ, ಕುಣಿಯೋ ಹಾಡುಗಳು! ನಾವೂ ಮೊದಲು ಬಾಯಿ ಬಿಡಲಿಲ್ಲ. ತಟ್ಟೆ ಖರ್ಚಾಗ್ತಿತ್ತು ನೋಡಿ.”

“ಆಮೇಲೆ?” ಎಂದ ಲೈಲ್.

“ಆಮೇಲೆ ಒಲಿಂಪಿಯಾ ಪಟ್ಟಣದಲ್ಲಿ ಹಾಡೋಕೆ ಕರೆದ್ರು. ಮನೆಮಂದಿಯಲ್ಲದ ಜನದ ಮುಂದೆ ಮೊದಲನೇ ಸಲ. ಶುರು ಮಾಡಿದ್ವಿ. ಜನ ಕೂಗ್ತಾರೆ, ‘ನಿಧಾನ! ನಿಧಾನ!’ ಅಂತ. ಒಬ್ಬ ಬೂಟ್ಸು ಎಸೆದ. ‘ನಿಜವಾದ ಮೊಂಡು ಗರಗಸದವರನ್ನ ಕರೀರಿ’ ಅಂದ. ಎಸೆದ ಬೂಟ್ಸು ಆರ್ವ್‌ಗೆ ಸರಿಹೋಯ್ತು, ಒಂದೇ ಕಾಲಿಂದು, ಪಾಪ. ದಾರಿಯುದ್ದಕ್ಕೂ ನಕ್ಕೊಂಡು ವಾಪಸ್ ಬಂದ್ವಿ. ಬ್ಯಾಂಡು ಅಲ್ಲಿಗೆ ಮುಗೀತು.”

ಜನ ನಗತೊಡಗಿದರು. ಕೊರಿನ್ ನಗಲಿಲ್ಲ. ಅವಳ ಕೆನ್ನೆ ಬಿಸಿಯಾಗಿತ್ತು. ಮೂವತ್ತು ವರ್ಷದ ಭಾನುವಾರಗಳು, ಕಣ್ಣು ಮುಚ್ಚಿದ ಅವಳ ಮುಖ, ಸಿಂಕಿನ ಮುಂದೆ ಆ ನಗುವ ಬೆನ್ನು.

“ಇಷ್ಟು ವರ್ಷ ನನ್ನನ್ನ ಪೆದ್ದಿ ಮಾಡಿದ್ನಾ?” ಎಂದು ಮೆಲ್ಲಗೆ ಕೇಳಿದಳು.

ಗಸ್ ಚೀಲ ಕೆಳಗಿಟ್ಟು ಅವಳ ಎದುರು ಕುರ್ಚಿಯೆಳೆದುಕೊಂಡ. ಈಗ ಅವನೂ ನಗುತ್ತಿರಲಿಲ್ಲ.

“ನಾನೂ ಕೇಳಿದ್ದೆ ಅವನನ್ನ, ನಿಮ್ಮ ಮದುವೆಯಾದ ಹೊಸದರಲ್ಲಿ, ಫೋನಲ್ಲಿ. ‘ಹೇಳಿಬಿಡೋ ಹುಡುಗೀಗೆ’ ಅಂದೆ. ಅವನು ಏನಂದ ಗೊತ್ತಾ? ‘ನನ್ನ ದನಿ ದಿನವಿಡೀ ಅವಳ ಕಿವಿ ತಿನ್ನುತ್ತೆ ಕಣೋ. ಆ ಇನ್ನೊಬ್ಬ ವಾರಕ್ಕೆ ಒಂದ್ಸಲ ಬರ್ತಾನೆ. ಕಷ್ಟದಲ್ಲಿದ್ದಾಗ ಅವಳ ಜೊತೆಗಿದ್ದವನು ಅವನು. ನಾನ್ಯಾಕೆ ಅವನನ್ನ ಓಡಿಸ್ಲಿ?’ ಅಂದ.”

ಕೊರಿನ್ ತಟ್ಟೆಯ ಕಡೆ ನೋಡುತ್ತ ಕೂತಳು. ಅದು ಮುಳ್ಳಿಲ್ಲದೆ ಸುಮ್ಮನೆ ತಿರುಗುತ್ತಲೇ ಇತ್ತು.

“ಹಾಗಾದ್ರೆ,” ಎಂದಳು, “ವೇಗ ಸರಿ ಮಾಡಿದ್ರೆ...”

“ಅವನೇ,” ಎಂದ ಗಸ್. “ಇದ್ದ ಹಾಗೇ.”

ಅವಳ ಕೈ ಪ್ಲೇಯರಿನ ಬದಿಯ ವೇಗದ ಗುಂಡಿಯ ಹತ್ತಿರ ಹೋಗಿ ನಿಂತಿತು. ಒಂದು ಸಲ ಕೇಳಿಬಿಟ್ಟರೆ ಬಾವಿಯೊಳಗಿನವನು ಇನ್ನು ಬರಲಾರ, ಅದು ಗೊತ್ತಿತ್ತು. ಆದರೆ ಅವಳು ಹೆದರಿದ್ದು ಅದಕ್ಕಲ್ಲ. ಸರಿಯಾದ ವೇಗದಲ್ಲೂ ಅವನ ಗುರುತು ಹತ್ತದೇ ಹೋದರೆ? ಗಂಡನ ದನಿಯನ್ನು ಹೆಂಡತಿಯೇ ಪೂರ್ತಿ ಮರೆತಿದ್ದಾಳೆ ಎಂದು ಇಲ್ಲಿಯೇ, ಎಲ್ಲರ ಮುಂದೆ, ಖಾತ್ರಿಯಾದರೆ?

“ಹಾಕು,” ಎಂದಳು ಮುಮ್ಮು.

“ಬೇಡ ಅಂದಿದ್ದೆಯಲ್ಲ?”

“ಅದು ಗೂಳಿಗೆ ಅಂದಿದ್ದು. ಹಾಕು.”

ಗುಂಡಿ ಬಿಗಿದುಕೊಂಡಿತ್ತು. ಮೂವತ್ತು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ತಳ್ಳಿದಳು. ತಟ್ಟೆಗೆ ಜೀವ ಬಂದಂತೆ ವೇಗ ಹತ್ತಿತು. ಮುಳ್ಳನ್ನು ಮೊದಲ ಗೆರೆಗೆ ಇಟ್ಟಳು.

ಗಿಟಾರು ಕುಣಿದುಕೊಂಡು ಬಂತು. ಆಮೇಲೆ ದನಿ. ತೆಳ್ಳಗೆ, ತುಸು ಮೂಗಿನಲ್ಲಿ, ಎಲ್ಲಿಗೋ ತಡವಾದವನ ಅವಸರದಲ್ಲಿ.

“ಅಯ್ಯೋ, ಆರ್ವ್!” ಎಂದು ಮಗುವನ್ನು ಎತ್ತಿಕೊಂಡಿದ್ದ ತರುಣಿಯೊಬ್ಬಳು ಕೂಗಿದಳು. “ಹಿಂದಿನ ಸೀಟಿನವರು ಕೈ ಒಳಗೆ ತಗೊಳ್ರೋ ಅಂತಿದ್ದನಲ್ಲ, ಅದೇ!”

ಕಾರಿಗೆ ಎಣ್ಣೆ ಹಾಕಿಸಿದೆಯಾ, ಎಂದಿತು ಆ ದನಿ ಕೊರಿನ್‌ಳ ತಲೆಯೊಳಗೆ. ಚಪ್ಪಲಿ ಎಲ್ಲಿಟ್ಟೆ. ಇಲ್ನೋಡೇ, ಚಂದ್ರ. ಒಂದರ ಹಿಂದೆ ಒಂದು, ಅವನದೇ ದನಿಯಲ್ಲಿ, ಬಸ್ಸಿನ ಬಾಗಿಲು ತೆರೆದ ಕೂಡಲೇ ನುಗ್ಗುವ ಮಕ್ಕಳ ಹಾಗೆ. ಅವಳು ಮೇಜನ್ನು ಹಿಡಿದುಕೊಂಡಳು.

“ಹಾಂ,” ಎಂದು ಮುಮ್ಮು ಲೋಟ ಕೆಳಗಿಟ್ಟಳು. “ಇವನು ನಮ್ಮವನು.”

ಲೈಲ್ ಮತ್ತು ಅವನ ಜೊತೆಯವರು ದನಿಗೂಡಿಸಲು ನೋಡಿದರು. ಅಭ್ಯಾಸ ಬಲದಿಂದ ಎಳೆದರು, ಹಿಂದೆ ಬಿದ್ದರು, ಓಡಿ ಹಿಡಿಯಲು ಹೋಗಿ ಏದುಸಿರು ಬಿಟ್ಟರು. “ನಿಧಾನ ಕಣೋ ಆರ್ವ್!” ಎಂದು ಲೈಲ್ ಎದೆ ಹಿಡಿದುಕೊಂಡು ಅರಚಿದ. ಇಡೀ ನೆಲಮಾಳಿಗೆ ನಗೆಯಲ್ಲಿ ಅಲ್ಲಾಡಿತು. ಗಸ್ ಹಸಿರು ಜೆಲ್ಲಿಯ ಪಾತ್ರೆಯ ಮೇಲೆ ಎರಡು ಚಮಚಗಳಿಂದ ಬಾರಿಸುತ್ತಿದ್ದ. ಜೆಲ್ಲಿಯೂ ಕುಣಿಯುತ್ತಿತ್ತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಹಾಡು ಮುಗಿದುಹೋಯಿತು.

“ಇನ್ನೊಂದ್ಸಲ!” ಎಂದರು ಹಿಂದಿನವರು.

ಕೊರಿನ್ ಮುಳ್ಳನ್ನು ಮತ್ತೆ ಮೊದಲಿಗೆ ತಂದಳು. ಈ ಸಲ ಅವಳ ಕಿವಿ ತಟ್ಟೆಗೆ ತೀರ ಹತ್ತಿರವಿತ್ತು. ಗಿಟಾರಿಗೂ ಮುಂಚೆ ಅಲ್ಲೊಂದು ಸಣ್ಣ ಸದ್ದಿತ್ತು. ನಿಧಾನವಾಗಿ ತಿರುಗುವಾಗ ಅದು ದಡಕ್ಕೆ ಅಲೆ ಬಂದಂತೆ ಕೇಳುತ್ತಿತ್ತು. ಸಮುದ್ರದ್ದೇನೋ ಸೇರಿಸಿದ್ದಾರೆ ಎಂದೇ ಅವಳು ತಿಳಿದಿದ್ದಳು. ಈಗ ಅದು ಗಿಡ್ಡವಾಗಿ, ಚುರುಕಾಗಿ, ಸ್ಪಷ್ಟವಾಗಿ ಕೇಳಿತು. ಅವನು ಹಾಡಲೆಂದು ಉಸಿರು ಎಳೆದುಕೊಂಡದ್ದು. ಕೊನೆಯ ವರ್ಷಗಳಲ್ಲಿ ಅವನ ಉಸಿರು ಕೊರಳಿನ ತೂತಿನಿಂದ ಓಡಾಡುತ್ತಿತ್ತು. ಇದು ಬಾಯಿಂದ ಎಳೆದುಕೊಂಡದ್ದು, ಇಪ್ಪತ್ತಮೂರರ ಗಟ್ಟಿ ಎದೆಗೆ.

ಗಿಟಾರು ಶುರುವಾಗುವ ಮೊದಲೇ ಅವಳು ಮುಳ್ಳು ಎತ್ತಿದಳು. ಮತ್ತೆ ಇಟ್ಟಳು. ಉಸಿರು. ಎತ್ತಿದಳು. ಮತ್ತೆ ಇಟ್ಟಳು.

ಕುಣಿಯಲು ಎದ್ದವರು ಎದ್ದಲ್ಲೇ ನಿಂತರು. ವರ್ನಾ ಹಂಡೆಯ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಕಾದಳು. ಕೊರಿನ್ ತಟ್ಟೆಯ ಮೇಲೆ ಬಾಗಿದ್ದಳು. ಪ್ರತಿ ಸಲ ಅವನು ಉಸಿರೆಳೆದಾಗಲೂ ಕಪ್ಪು ಉಡುಪಿನೊಳಗೆ ಅವಳ ಭುಜಗಳು ಅವನ ಜೊತೆಗೇ ಮೇಲೇಳುತ್ತಿದ್ದವು.