ಮೈಕಕ್ಕ ಬೆನ್ನು ತಿರುಗಿಸಿ ಕೆಲಸ ಹುಡುಕಿದ್ದು

ಮೈಕಕ್ಕ ಇಷ್ಟು ವರ್ಷ ಕೆಲಸಕ್ಕೆ ಹೋಗ್ತಿದ್ದಳು. ಈಗ ಕೆಲಸಾನೇ ಹೋಯ್ತು. ಕ್ರಿಯಾಪದ ಅದೇ, ಕರ್ತೃ ಮಾತ್ರ ಬದಲಾಯ್ತು ನೋಡಿ, ಅಷ್ಟಕ್ಕೇ ಮನೆಯೆಲ್ಲ ಅಡಿಮೇಲು.

ಬಸ್ ನಿಲ್ದಾಣದ ಮೇಲಂತಸ್ತಲ್ಲಿ ಒಂದು ಗಾಜಿನ ಕೋಣೆ. ಅಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತೆ, ಯಾವುದು ತಡ, ಯಾವುದು ಇವತ್ತು ಇಲ್ಲವೇ ಇಲ್ಲ ಅಂತ ಮೈಕಲ್ಲಿ ಕೂಗಿ ಹೇಳೋದು ಅವಳ ಕೆಲಸ. ಡ್ರೈವರುಗಳು ಇಟ್ಟ ಹೆಸರು ಮೈಕಕ್ಕ. ಆಮೇಲೆ ಬೀದಿಯವರೂ ಹಾಗೇ ಕರೆದರು, ಕೊನೆಗೆ ಗಂಡನೂ.

ಕೆಲಸ ಕಿತ್ತುಕೊಂಡವರು ಯಾರು ಅಂದ್ರೆ ಅವಳು ಯಾರನ್ನೂ ಬೈಯೋ ಹಾಗಿಲ್ಲ. ಅವಳೇ! ಹೋದ ವರ್ಷ ಅವಳನ್ನ ಒಂದು ಸ್ಟುಡಿಯೋದಲ್ಲಿ ಕೂರಿಸಿ ಊರುಗಳ ಹೆಸರು, ಬಸ್ಸಿನ ನಂಬರು, 'ಗಮನಿಸಿ', 'ಹೊರಡಲಿದೆ', 'ವಿಷಾದಿಸುತ್ತೇವೆ' ಎಲ್ಲಾ ಹೇಳಿಸಿ ರೆಕಾರ್ಡ್ ಮಾಡ್ಕೊಂಡ್ರು. ನನ್ನ ದನಿಗೆ ಎಷ್ಟು ಮರ್ಯಾದೆ ಅಂತ ಅವಳು ಹೊಸ ಸೀರೆ ಉಟ್ಕೊಂಡು ಹೋಗಿದ್ದಳು. ಆಮೇಲೆ ಮಷೀನು ಆ ಚೂರುಗಳನ್ನೆಲ್ಲ ತಾನೇ ಜೋಡಿಸಿ ಹೇಳೋಕೆ ಶುರು ಮಾಡ್ತು. ನಿಲ್ದಾಣದ ಸಾಹೇಬರು ಕರೆಸಿ, "ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ" ಅಂದ್ರು. ಅವಳ ಮಾತನ್ನೇ ಅವಳಿಗೆ ಚಿಲ್ಲರೆ ಥರ ವಾಪಸ್ ಕೊಟ್ಟರು.

"ಮೈಕ್ ಹೋಯ್ತು ಕಣ್ರೀ," ಅಂದಳು ಅವತ್ತು ಮನೆಗೆ ಬಂದು. "ಮೈಕೈ ನೋವು ಮಾತ್ರ ನನಗೇ ಬಿಟ್ಟರು."

ಇದನ್ನ ಅವಳು ಹೇಳಿದ್ದು ಫ್ರಿಜ್ಜಿಗೆ. ಗಂಡ ಅವಳ ಹಿಂದೆ ನಿಂತಿದ್ದ.

ಇದೊಂದು ವಿಷಯ ನಿಮಗೆ ಹೇಳ್ಬೇಕು. ಆ ಗಾಜಿನ ಕೋಣೇಲಿ ಗಡಿಯಾರ, ಬಸ್ಸಿನ ಪರದೆ ಎಲ್ಲಾ ಗೋಡೆ ಕಡೆಗಿತ್ತು. ಜನ ಇದ್ದಿದ್ದು ಬೆನ್ನ ಕಡೆ. ಇಪ್ಪತ್ತು ವರ್ಷ ಗೋಡೆ ನೋಡ್ಕೊಂಡು ಊರಿಗೆಲ್ಲ ಮಾತಾಡಿದ ಹೆಂಗಸಿಗೆ ಆಮೇಲೆ ಮುಖ ನೋಡ್ಕೊಂಡು ಮಾತು ಹೊರಡೋದೇ ನಿಂತುಹೋಯ್ತು. ಉಪ್ಪು ಕೊಡು, ಬಾಗಿಲು ಹಾಕು, ಇಂಥವೆಲ್ಲ ಸರಿ. ಮುಖ್ಯವಾದ ಮಾತು ಬಂತು ಅಂದ್ರೆ ಗಿರ್ರನೆ ಆ ಕಡೆ ತಿರುಗ್ತಾಳೆ. ಮಗಳು ಪಾಸಾಗಿದ್ದು ಮಗಳಿಗಿಂತ ಮೊದಲು ಫ್ರಿಜ್ಜಿಗೆ ಗೊತ್ತಾಗಿತ್ತು. ಗಂಡ ಹೆಂಡತಿ ಜಗಳದಲ್ಲಿ ಬೈಸ್ಕೊಳ್ಳೋದು ಬಟ್ಟೆ ಬೀರು. ಲೋಕದಲ್ಲಿ ಜನ ಬೆನ್ನ ಹಿಂದೆ ಮಾತಾಡ್ತಾರೆ, ಇವಳು ಬೆನ್ನು ಮುಂದೆ ಮಾಡ್ಕೊಂಡು ಮಾತಾಡ್ತಾಳೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಇವಳು ಆಡೋದು ನಿಜ.

ಸುದ್ದಿ ಗೊತ್ತಾದ ವಾರವೇ ಅವಳ ಅಕ್ಕನ ಗಂಡ ಬಂದ. ಈ ಭಾವನದ್ದು ನಲ್ಲಿ, ಪೈಪು ಮಾರೋ ಅಂಗಡಿ. ದೊಡ್ಡ ದನಿ, ಅದಕ್ಕಿಂತ ದೊಡ್ಡ ಸಲಹೆ.

"ಎಲ್ಲಿ ಕೆಲಸ, ಎಲ್ಲಿ ಕೆಲಸ ಅಂತ ಯಾಕೆ ಒದ್ದಾಡ್ತೀಯ? ನಲ್ಲಿಯಲ್ಲಿ!" ಅಂದ, ತನ್ನ ಹಾಸ್ಯಕ್ಕೆ ತಾನೇ ಮೊದಲು ನಕ್ಕು. "ಬರೋ ತಿಂಗಳಿಂದ ನನ್ನ ಗಲ್ಲಾದಲ್ಲಿ ಕೂತ್ಕೋ. ಬಿಲ್ ಹಾಕು, ಚಿಲ್ಲರೆ ಕೊಡು, ಮುಗೀತು. ಈ ವಯಸ್ಸಲ್ಲಿ ನಿಂಗೆ ಇನ್ಯಾರಮ್ಮ ಕೆಲಸ ಕೊಡ್ತಾರೆ?"

ಮೈಕಕ್ಕ ಕಿಟಕಿ ಕಡೆ ತಿರುಗಿ, "ಯೋಚನೆ ಮಾಡಿ ಹೇಳ್ತೀನಿ ಭಾವ," ಅಂದಳು.

"ಯೋಚನೆ ಏನು ಬಂತು ಇದರಲ್ಲಿ? ಒಂದನೇ ತಾರೀಕು ಬಾ ಅಷ್ಟೇ."

ಅವನು ಹೋದಮೇಲೆ ಅವಳಿಗೆ ಒಂದು ವಿಷಯ ಸ್ಪಷ್ಟ ಆಯ್ತು. ಒಂದನೇ ತಾರೀಕಿನೊಳಗೆ ತನ್ನದು ಅಂತ ಒಂದು ಕೆಲಸ ಸಿಗದಿದ್ರೆ, ಇನ್ನುಳಿದ ಆಯಸ್ಸೆಲ್ಲ ಭಾವನ ಹಾಸ್ಯಕ್ಕೆ ನಗ್ತಾ ಕೂರಬೇಕು. ಅದಕ್ಕೆ ಪಿಂಚಣಿನೂ ಇರಲ್ಲ.

ಮಗಳು ಕಾಲೇಜಲ್ಲಿ ಓದ್ತಿದ್ದವಳು. ಅವಳು ಅಮ್ಮನ್ನ ಊಟದ ಮೇಜಿನ ಹತ್ರ ಕೂರಿಸ್ಕೊಂಡಳು.

"ಅಮ್ಮ, ಸಿಕ್ಕಸಿಕ್ಕಲ್ಲೆಲ್ಲ ಅರ್ಜಿ ಎಸೆಯೋದಲ್ಲ. ಯೋಚನೆ ಮಾಡಿ ಯೋಜನೆ ಹಾಕ್ಬೇಕು. ಮೊದಲು ಹೇಳು, ನಿಂಗೆ ಏನು ಬರುತ್ತೆ?"

"ನಂಗೆ ಬರೋದು ಬಸ್ಸು."

"ಅಯ್ಯೋ, ಅದಲ್ಲಮ್ಮ."

"ಮತ್ತೇನು? ಬಸ್ ಬರುತ್ತೆ ಅಂತ ಹೇಳೋಕ್ಕೆ ಬರುತ್ತೆ. ಬರಲ್ಲ ಅಂತ ಹೇಳೋಕ್ಕೂ ಬರುತ್ತೆ."

"ಸರಿ, ನಿಂಗೆ ಏನು ಬೇಕು?"

ಈ ಪ್ರಶ್ನೆನ ಅವಳಿಗೆ ಯಾರೂ ಕೇಳಿರಲಿಲ್ಲ. ಕಾಫಿ ಬೇಕಾ, ಟೀ ಬೇಕಾ ಅಂತ ಕೇಳಿದ್ದುಂಟು. ಅವಳು ಫ್ರಿಜ್ಜಿನ ಕಡೆ ತಿರುಗಿದಳು, ಬಾಯಿ ತೆರೆದಳು. ಫ್ರಿಜ್ಜೇ ಸ್ವಲ್ಪ ಹೊತ್ತು ಗುಂಯ್ ಅಂತು.

"ಗೊತ್ತಿಲ್ಲ ಅಂದ್ರೆ ಗೊತ್ತು ಮಾಡ್ಕೊಳ್ಳೋಣ," ಅಂದಳು ಮಗಳು. "ಅರ್ಜಿ ಹಾಕೋಕೆ ಮುಂಚೆ ಆ ಕೆಲಸ ಮಾಡೋರ ಹತ್ರ ಹೋಗಿ ನೋಡು, ಕೇಳು. ಆಮೇಲೆ ತೀರ್ಮಾನ."

ಹೀಗೆ ಮೈಕಕ್ಕ ಕೆಲಸ ಹುಡುಕೋ ಕೆಲಸಕ್ಕೆ ಸೇರಿದಳು.

ಮೊದಲು ಹೋಗಿದ್ದು ಜಾಹೀರಾತಿಗೆ ದನಿ ಕೊಡೋ ಕಡೆ. ಅಲ್ಲಿನ ಹುಡುಗಿ ಪ್ರೀತಿಯಿಂದಲೇ ಒಂದು ಹಲ್ಲುಜ್ಜೋ ಪೇಸ್ಟಿನ ಸಾಲು ಕೊಟ್ಟು ಓದಿಸಿದಳು. ಮೈಕಕ್ಕ ಓದಿದ ಮೇಲೆ ಅವಳು ಕೆನ್ನೆ ಮೇಲೆ ಕೈಯಿಟ್ಟು, "ಆಂಟಿ, ಚೆನ್ನಾಗಿದೆ. ಆದ್ರೆ ಪೇಸ್ಟು ಇನ್ನೇನು ಹೊರಟುಬಿಡುತ್ತೆ, ಬೇಗ ಹತ್ಕೊಳ್ಳಿ ಅನ್ನೋ ಹಾಗಿದೆ," ಅಂದಳು. ಇಬ್ಬರೂ ನಕ್ಕರು. ನಗು ಸಿಕ್ತು, ಕೆಲಸ ಸಿಗಲಿಲ್ಲ.

ಆಮೇಲೆ ಹಳೇ ಪರಿಚಯದವಳೊಬ್ಬಳು ಕೆಲಸ ಮಾಡ್ತಿದ್ದ ಕಾಲ್ ಸೆಂಟರ್. ಇದಂತೂ ತನಗಾಗೇ ಹುಟ್ಟಿದ್ದು ಅನ್ನಿಸ್ತು. ಎದುರಿಗೆ ಮುಖ ಇಲ್ಲ, ಬರೀ ಗೋಡೆ. ಪರಿಚಯದವಳ ಪಕ್ಕ ಕೂತು, ಇನ್ನೊಂದು ಹೆಡ್‌ಫೋನ್ ಹಾಕ್ಕೊಂಡು ಕೇಳಿಸ್ಕೊಂಡಳು. ಆ ಕಡೆಯವರು ಬೈತಿದ್ರು. ಈ ಕಡೆಯವಳು ಪರದೆ ಮೇಲೆ ಬರೆದಿದ್ದನ್ನೇ ಓದಿ ಹೇಳ್ತಿದ್ದಳು.

"ಅವರು ಕೇಳಿದ್ದಕ್ಕೆ ಉತ್ತರ ಯಾಕೆ ಕೊಡಲ್ಲ ನೀನು?" ಅಂತ ಕೇಳಿದಳು ಮೈಕಕ್ಕ.

"ಉತ್ತರ ಕೊಡೋಕೆ ನಮಗೆ ಅಧಿಕಾರ ಇಲ್ಲ ಕಣೇ. ಸಮಾಧಾನ ಮಾತ್ರ."

ವಾಪಸ್ ಬರೋವಾಗ ಬಸ್ ನಿಲ್ದಾಣದಲ್ಲಿ ಕೂತಿದ್ದಳು. ಮೇಲಿಂದ ಅವಳದ್ದೇ ದನಿ ಅವಳ ಬಸ್ಸು ತಡ ಅಂತ ಹೇಳ್ತು, ವಿಷಾದನೂ ವ್ಯಕ್ತಪಡಿಸ್ತು. ಪಕ್ಕದಲ್ಲಿದ್ದ ಅಜ್ಜಿ ಸ್ಪೀಕರ್ ಕಡೆ ಮುಖ ಎತ್ತಿ, "ಎಷ್ಟು ತಡಾನಮ್ಮ?" ಅಂತ ಕೇಳಿದ್ರು. ಸ್ಪೀಕರು ಮುಂದಿನ ಬಸ್ಸಿನ ವಿಷಯ ಎತ್ತಿಕೊಳ್ತು. ಅಜ್ಜಿ ಮತ್ತೆ ಕೇಳಿದ್ರು.

ಇಪ್ಪತ್ತು ವರ್ಷ ತನ್ನ ಬೆನ್ನ ಹಿಂದೆ ಜನ ಹೀಗೆ ಕೇಳ್ತಾನೇ ಇದ್ದಿರಬೇಕು. ಗಾಜಿನ ಕೋಣೇಲಿ ಏನೂ ಕೇಳಿಸ್ತಿರಲಿಲ್ಲ. ಅವತ್ತು ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಫ್ರಿಜ್ಜಿನ ಮುಂದೆ ನಿಂತು ಮಗಳಿಗೆ ಹೇಳಿದಳು:

"ಏನು ಬೇಕು ಅಂತ ಕೇಳಿದ್ಯಲ್ಲ. ನಾನು ಒಂದು ಮಾತು ಹೇಳಿದ್ರೆ ಯಾರಾದ್ರೂ ತಿರುಗಿ ಒಂದು ಮಾತು ಕೇಳ್ಬೇಕು. ನಾನು ಅದಕ್ಕೆ ಉತ್ತರ ಕೊಡ್ಬೇಕು. ಅಂಥ ಕೆಲಸ ಬೇಕು."

ಮಗಳು ನಗಲಿಲ್ಲ. "ಈಗ ಯೋಜನೆ ಶುರುವಾಯ್ತು ನೋಡು," ಅಂದಳು.

ದಾರಿ ತೋರಿಸಿದ್ದು ಗಂಡ. ಅವನು ಕನ್ನಡಕದ ಅಂಗಡೀಲಿ ಕೆಲಸಕ್ಕಿದ್ದ. ಊರಿನ ಕಣ್ಣೆಲ್ಲ ಅವನ ಮೇಲೆ ಅಂತ ಜಂಬ. ಅವನಂದ, "ನಮ್ಮ ಗಿರಾಕಿಗಳು ಹೇಳ್ತಿರ್ತಾರೆ, ಕಣ್ಣಾಸ್ಪತ್ರೇಲಿ ಹನಿ ಹಾಕಿದ ಮೇಲೆ ಏನೂ ಕಾಣದೆ ಗೋಡೆ ಗೋಡೆ ಗುದ್ಕೊಂಡು ಓಡಾಡ್ತೀವಿ ಅಂತ. ರೋಗಿಗಳನ್ನ ಕರ್ಕೊಂಡು ಓಡಾಡೋಕೆ ಜನ ಬೇಕು ಅಂತ ಅಲ್ಲಿ ಬೋರ್ಡ್ ಹಾಕಿದ್ದಾರಂತೆ. ಹೋಗಿ ನೋಡಬಾರದಾ?"

ಮೈಕಕ್ಕ ಅರ್ಜಿ ಹಾಕಲಿಲ್ಲ. ಮೊದಲು ಹೋಗಿ ಒಂದು ದಿನ ಪೂರ್ತಿ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಕಣ್ಣಿಗೆ ಹನಿ ಹಾಕಿಸ್ಕೊಂಡವರು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡವರು ಗೋಡೆ ಹಿಡ್ಕೊಂಡು ಬರ್ತಿದ್ರು. ಶೌಚಾಲಯ ಎಲ್ಲಿ, ಔಷಧಿ ಎಲ್ಲಿ, ನನ್ನ ಮಗ ಎಲ್ಲಿ ಅಂತ ಗಾಳಿಗೆ ಕೇಳ್ತಿದ್ರು. ಕೈಯಾಳುಗಳು ಪಾಪ, ತೋಳು ಹಿಡಿದು ಎಳ್ಕೊಂಡು ಹೋಗ್ತಿದ್ರು, ಮಾತಿಲ್ಲ ಕತೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ತಡೆಯೋಕಾಗಲಿಲ್ಲ. ಕೂತಲ್ಲಿಂದಲೇ ಒಬ್ಬರಿಗೆ, "ಎಡಗಡೆ ಬಾಗಿಲು, ಹೊಸಿಲಿದೆ, ಕಾಲೆತ್ತಿ ಇಡಿ," ಅಂದಳು. ಅವರು ಕಾಲೆತ್ತಿಟ್ಟು, "ಥ್ಯಾಂಕ್ಸ್ ಕಣಮ್ಮ, ನೀನ್ಯಾರು?" ಅಂದ್ರು. ಸಂಜೆ ಅರ್ಜಿ ಹಾಕಿದಳು.

ಸಂದರ್ಶನದ ದಿನ ಮನೆಯವರೆಲ್ಲ ಸೇರಿ ಒಂದೇ ಪಾಠ ಹೇಳಿಕೊಟ್ಟಿದ್ರು: ತಿರುಗಬೇಡ. ದರ್ಶನ ಕೊಡದೆ ಇದ್ರೆ ಅದ್ಯಾವ ಸಂದರ್ಶನ?

ಒಳಗೆ ಇಬ್ಬರಿದ್ರು. ಒಬ್ಬರು ಆಡಳಿತದ ಮ್ಯಾನೇಜರು, ಇನ್ನೊಬ್ಬರು ಹಿರಿಯ ನರ್ಸು. ಹೆಸರು, ಊರು, ವಯಸ್ಸು ಕೇಳೋವರೆಗೂ ಮೈಕಕ್ಕ ಕುರ್ಚಿ ಕೈ ಗಟ್ಟಿಯಾಗಿ ಹಿಡ್ಕೊಂಡು ಅವರ ಮುಖಾನೇ ನೋಡಿದಳು. ಆಮೇಲೆ ಮ್ಯಾನೇಜರು, "ಈ ಕೆಲಸ ನಿಮಗೆ ಯಾಕೆ ಬೇಕು?" ಅಂದ್ರು.

ಮುಖ್ಯವಾದ ಪ್ರಶ್ನೆ. ಕಾಲು ತನ್ನಷ್ಟಕ್ಕೆ ತಾನೇ ಎದ್ದು ನಿಂತಿತು. ಕುರ್ಚಿ ಕಿರ್ರ್ ಅಂತ ಸದ್ದು ಮಾಡ್ತು. ಮೈಕಕ್ಕ ಅವರಿಬ್ಬರಿಗೂ ಬೆನ್ನು ಹಾಕಿ, ಗೋಡೆ ಮೇಲಿದ್ದ ದೊಡ್ಡ ಕಣ್ಣಿನ ಚಿತ್ರದ ಎದುರು ನಿಂತು, ಎಲ್ಲಾ ಹೇಳಿದಳು: ಗಾಜಿನ ಕೋಣೆ, ಅಜ್ಜಿ, ಹೊಸಿಲು, ಎಲ್ಲಾ. ಒಂದು ಅಕ್ಷರ ತಪ್ಪಲಿಲ್ಲ. ಕೊನೆಗೆ ಅಭ್ಯಾಸಬಲದಿಂದ, "ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ," ಅಂತಲೂ ಅಂದುಬಿಟ್ಟಳು.

ಹಿಂದೆ ಫೈಲು ಮುಚ್ಚೋ ಸದ್ದು.

"ಇವರು ನಮಗೆ ಮುಖ ಕೊಟ್ಟೇ ಮಾತಾಡಲ್ವಲ್ಲ," ಅಂತ ಮ್ಯಾನೇಜರು ನರ್ಸಿಗೆ ಹೇಳಿದ್ದು ಕೇಳಿಸ್ತು. "ಮುಂದಿನವರನ್ನ ಕರೆಯೋಣ."

"ಒಂದು ನಿಮಿಷ ಸಾರ್," ಅಂದ್ರು ನರ್ಸು. ಮೇಜಿನ ಮೇಲಿದ್ದ ಬ್ಯಾಂಡೇಜ್ ಬಟ್ಟೆ ತಗೊಂಡು ತಮ್ಮ ಎರಡೂ ಕಣ್ಣಿಗೆ ಕಟ್ಕೊಂಡ್ರು. "ಅಮ್ಮ, ನನ್ನನ್ನ ಔಷಧಿ ಕೌಂಟರ್ ತನಕ ಕರ್ಕೊಂಡು ಹೋಗಿ. ಮುಟ್ಟಬೇಡಿ. ಮಾತಲ್ಲೇ."

ಮೈಕಕ್ಕ ಮುಂದೆ ನಡೆದಳು, ನರ್ಸು ಹಿಂದೆ. ಮುಂದೆ ನಡೆಯೋರಿಗೆ ಬೆನ್ನು ಹಾಕೋದು ಬಿಟ್ಟು ಬೇರೆ ದಾರಿ ಇಲ್ಲವಲ್ಲ! ಅವಳಿಗೆ ನಿರಾಳ ಆಯ್ತು. "ನೇರ ಬನ್ನಿ. ಇಲ್ಲಿ ಇಳಿಜಾರು. ಬಲಗಡೆ ಬೆಂಚು, ಕಾಲು ಚಾಚಿದವರು ದಯವಿಟ್ಟು ಕಾಲು ಮಡಚಿ." ಕಾರಿಡಾರಲ್ಲಿದ್ದ ಕಾಲುಗಳೆಲ್ಲ ಪಟಪಟ ಅಂತ ಮಡಚಿಕೊಂಡವು. ಆ ಖುಷೀಲಿ ಅವಳು ಬಿರಬಿರನೆ ಹೆಜ್ಜೆ ಹಾಕಿದಳು. ಬಸ್ಸು ಬಂದಿದೆ, ಹತ್ತೋರು ಹತ್ತಬೇಕು, ಅದು ಅವಳಿಗೆ ಗೊತ್ತಿದ್ದ ಲೆಕ್ಕ.

"ಎಲ್ಲಿದ್ದೀರಮ್ಮ?"

ದೂರದಿಂದ ಬಂತು ಆ ದನಿ. ಅದರಲ್ಲಿ ಪರೀಕ್ಷೆ ಮಾಡೋ ಗತ್ತಿರಲಿಲ್ಲ. ನಿಜವಾಗಲೂ ಸ್ವಲ್ಪ ಹೆದರಿಕೆ ಇತ್ತು.

ಮೈಕಕ್ಕ ಗಕ್ಕನೆ ನಿಂತಳು.

"ಇಲ್ಲೇ ಇದ್ದೀನಿ," ಅಂದಳು. ಮೈಕಿನ ದನಿ ಅಲ್ಲ ಅದು. ಅಡುಗೆಮನೆಯಿಂದ ಮಗಳಿಗೆ ಓಗೊಡುವ ದನಿ. "ಇಲ್ಲೇ ಇದ್ದೀನಿ, ಎಲ್ಲೂ ಹೋಗಿಲ್ಲ. ನಿಧಾನಕ್ಕೆ ಬನ್ನಿ."

ಕೌಂಟರಿನ ಹತ್ರ ನರ್ಸು ಬಟ್ಟೆ ಬಿಚ್ಚಿ ಕಣ್ಣುಜ್ಜಿಕೊಂಡ್ರು. "ಸ್ಪೀಡ್ ಜಾಸ್ತಿ," ಅಂದ್ರು. "ಅದನ್ನ ಕಲಿಸಬಹುದು. 'ಇಲ್ಲೇ ಇದ್ದೀನಿ' ಅಂದ್ರಲ್ಲ, ಅದನ್ನ ಕಲಿಸೋಕಾಗಲ್ಲ. ಸದ್ಯಕ್ಕೆ ಮೂರು ತಿಂಗಳು ಅಂತ ಸೇರ್ಕೊಳ್ಳಿ. ಮ್ಯಾನೇಜರ್ ಸಾಹೇಬರಿಗೆ ನಾನು ಹೇಳ್ತೀನಿ."

ಈಗ ಉಳಿದಿದ್ದು ಭಾವ.

ಫೋನಲ್ಲೇ ಮುಗಿಸು ಅಂದ ಗಂಡ. ಆದ್ರೂ ಮೈಕಕ್ಕ ಅಂಗಡಿಗೇ ಹೋದಳು. ಭಾವ ಒಂದು ಪೈಪಿಗೆ ಇನ್ನೊಂದು ಪೈಪು ತಿರುಗಿಸ್ತಾ ಕೂತಿದ್ದ. ಅವಳನ್ನ ನೋಡಿದ್ದೇ ಮುಖ ಅರಳಿಸಿ, ಗಲ್ಲಾದ ಹಿಂದಿನಿಂದ ಪ್ಲಾಸ್ಟಿಕ್ ಕೂಡ ಬಿಚ್ಚದ ಒಂದು ಕುರ್ಚಿ ಎಳೆದು ತಂದ. ಚಕ್ರದ್ದು. ಗಿರಗಿರ ತಿರುಗೋದು.

"ನೋಡು, ನಿಂಗೇ ಅಂತ ತಂದಿದ್ದು. ಅಂಗಡೀಲಿ ಇರೋದೆಲ್ಲ ಗಟ್ಟಿ ಕುರ್ಚಿ. ನೀನು ಮಾತಾಡುವಾಗ ತಿರುಗ್ತೀಯಲ್ಲ? ಎದ್ದು ಎದ್ದು ತಿರುಗಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ಇದಾದ್ರೆ ಕೂತಲ್ಲೇ ಆ ಕಡೆ, ಈ ಕಡೆ. ಗಿರಾಕಿಗಳು ಏನಾದ್ರೂ ಅಂದ್ರೆ ನನಗೆ ಬಿಡು."

ಮೈಕಕ್ಕ ಆ ಕುರ್ಚಿ ಮೇಲೆ ಕೂತಳು. ಮನೆಯಿಂದ ಗಟ್ಟಿ ಮಾಡ್ಕೊಂಡು ಬಂದಿದ್ದ ಮಾತೆಲ್ಲ ಆ ದೊಡ್ಡ ದನಿಯ ಮನುಷ್ಯನಿಗೆ ಅಂತ ಮಾಡಿದ್ದು. ಇವನು ಬೇರೆ ಯಾರೋ. ತಿರುಗೋದು ಬಲು ಸುಲಭ ಇತ್ತು, ಕಾಲಬೆರಳಲ್ಲಿ ಒತ್ತಿದ್ರೆ ಸಾಕು. ಅವಳು ಎರಡೂ ಪಾದ ನೆಲಕ್ಕೆ ಊರಿದಳು.

"ಭಾವ," ಅಂದಳು, ಅವನ ಮುಖ ನೋಡ್ತಾ. ಮಾತು ತೊದಲಿತು. "ನಂಗೆ... ಕಣ್ಣಾಸ್ಪತ್ರೇಲಿ... ಕೆಲಸ ಸಿಕ್ತು. ನಾನೇ ಹುಡುಕ್ಕೊಂಡಿದ್ದು. ಸೋಮವಾರದಿಂದ ಹೋಗ್ತೀನಿ. ಇಲ್ಲಿಗೆ ಬರೋಕಾಗಲ್ಲ. ನೀವು... ಬೇಜಾರು ಮಾಡ್ಕೋಬೇಡಿ."

ಕೆಟ್ಟದಾಗಿ ಹೇಳಿದಳು, ನಡು ನಡುವೆ ನಿಂತು ನಿಂತು. ಆದ್ರೆ ಹೇಳಿದಳು.

ಭಾವನ ಕೈಯಲ್ಲಿದ್ದ ಪೈಪು ತಿರುಗೋದು ನಿಂತಿತು. ಯಾವಾಗಲೂ ನಾಲಿಗೆ ತುದೀಲಿರೋ ಹಾಸ್ಯ ಎಲ್ಲೋ ಸಿಕ್ಕಿಹಾಕ್ಕೊಂಡಿರಬೇಕು. ಅವನು ಮೆಲ್ಲಗೆ ಎದ್ದ. ಅವಳಿಗೆ ಬೆನ್ನು ಹಾಕಿ, ಗೋಡೆಗೆ ಸಾಲಾಗಿ ನೇತುಹಾಕಿದ್ದ ನಲ್ಲಿಗಳ ಎದುರು ಹೋಗಿ ನಿಂತ.

"ಒಳ್ಳೇದಾಗ್ಲಿ ಕಣಮ್ಮ," ಅಂದ ನಲ್ಲಿಗಳಿಗೆ. "ನಿಮ್ಮಕ್ಕಂಗೆ ನಾನೇ ಹೇಳ್ತೀನಿ."