ಎರಡು ಕರೆ, ಒಂದು ಗಾಡಿ

"ಬಟನ್ನಿನ ಬಣ್ಣ ತಪ್ಪಿದ್ರೆ ಯಾರೂ ಸಾಯಲ್ಲ ಸಾರ್," ಎಂದಳು ಅತ್ತಿಗೆ ಮ್ಯಾನೇಜರಿಗೆ. "ಗಾಡಿ ತಪ್ಪಿದ್ರೆ ಸಾಯ್ತಾರೆ."

ಆಫೀಸಿಗೆಲ್ಲ ಅವಳು ಅತ್ತಿಗೆಯೇ. ಪ್ರೋಗ್ರಾಮ್ ಬರೆಯುವವನು ಅವಳ ಗಂಡನ ತಮ್ಮ. ಅವಳು ಕೆಲಸಕ್ಕೆ ಸೇರಿದ ದಿನ ತುಂಬಿದ ಮೀಟಿಂಗಿನಲ್ಲಿ ಬಾಯಿತಪ್ಪಿ ಹಾಗೆ ಕರೆದಿದ್ದ. ಅಂದಿನಿಂದ ಮ್ಯಾನೇಜರನ್ನು ಬಿಟ್ಟು ಎಲ್ಲರೂ ಮೈದುನರೇ. ಮ್ಯಾನೇಜರಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು: 'ಆಗೋಯ್ತು'. ಇನ್ನೂ ಶುರುವೇ ಆಗದ ಕೆಲಸವನ್ನು ಕೇಳಿದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು.

ಈ ಸಲ ಆಗಬೇಕಿದ್ದದ್ದು ಆಂಬುಲೆನ್ಸ್ ಕೇಂದ್ರದ ಪ್ರೋಗ್ರಾಮು. ಕರೆ ಬಂದ ಜಾಗಕ್ಕೆ ಹತ್ತಿರದ ಗಾಡಿಯನ್ನು ಅದೇ ಹುಡುಕಿ ಕಳಿಸಬೇಕು. ಅದರ ತಪ್ಪು ಹುಡುಕುವ ಟೆಸ್ಟಿಂಗು ಅತ್ತಿಗೆಯ ಹೊಣೆ, ಅದಕ್ಕೆ ಉಳಿದದ್ದು ಎರಡು ವಾರ. ಎಲ್ಲ ಪರದೆಗಳನ್ನೂ ಸ್ವಲ್ಪ ಸ್ವಲ್ಪ ನೋಡಿ ಮುಗಿಸಿಬಿಡಿ ಎಂದರು ಮ್ಯಾನೇಜರು. ಅತ್ತಿಗೆಯ ದಾರಿ ಬೇರೆ: ಜೀವ ತೆಗೆಯುವ ತಪ್ಪು ಮೊದಲು, ಹೊತ್ತು ತಿನ್ನುವ ತಪ್ಪು ಆಮೇಲೆ, ಕಣ್ಣಿಗೆ ಚುಚ್ಚುವುದು ಕಟ್ಟಕಡೆಗೆ. ಮೊದಲ ವಾರವೆಲ್ಲ ಒಂದೇ ಪ್ರಶ್ನೆಗೆ. ಎರಡು ಕರೆ ಒಟ್ಟಿಗೇ ಬಂದರೆ ಏನು ಗತಿ?

"ಅದನ್ನ ನಾನೇ ಎಷ್ಟು ಸಲ ನೋಡಿದ್ದೀನಿ ಅತ್ತಿಗೆ," ಎಂದ ಮೈದುನ.

"ಹೆತ್ತವರಿಗೆ ಹೆಗ್ಗಣ ಮುದ್ದು ಕಣೋ. ನಿನ್ನದನ್ನ ಬೇರೆಯವರು ನೋಡ್ಬೇಕು."

ಮ್ಯಾನೇಜರು ಕೈ ಎತ್ತಿದರು. "ಒಂದು ವಾರ ತಗೊಳ್ಳಿ ಮೇಡಂ. ಏನೂ ಸಿಗಲಿಲ್ಲ ಅಂದ್ರೆ ಮುಂದೆ ಯಾವ ಪ್ರಾಜೆಕ್ಟಿಗೂ ನಿಮ್ಮ ಪ್ಲಾನು ಬೇಡ. ಒಪ್ಪಿಗೇನಾ?"

ಒಪ್ಪಿದಳು. ಒಪ್ಪಿ, ಮನೆಗೆ ಹೋದ ಮೇಲೆ ಹೆದರಿದಳು ಎಂಬುದನ್ನೂ ಹೇಳಿಬಿಡಬೇಕು.

ಟೆಸ್ಟಿಂಗಿನ ಇಬ್ಬರು ಒಂದೇ ಮೇಜಿನಲ್ಲಿ ಕೂತು ದಿನವಿಡೀ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಸುಳ್ಳು ಕರೆಗಳನ್ನು ಒತ್ತಿದರು. ಒಬ್ಬರಿಗೆ ಏಳನೇ ಗಾಡಿ, ಇನ್ನೊಬ್ಬರಿಗೆ ನಾಲ್ಕನೆಯದು. ಪ್ರತಿ ಸಲವೂ ಸರಿ. ಶುಕ್ರವಾರ ಮಧ್ಯಾಹ್ನ ಮ್ಯಾನೇಜರು ಬಾಗಿಲಲ್ಲೇ ನಿಂತು, "ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರೆ. ನಿಮಗೆ ಇಲೀನೂ ಸಿಗಲಿಲ್ವಲ್ಲ!" ಎಂದಾಗ ನಾಲ್ಕು ಜನ ನಕ್ಕರು. ಅವಳಿಗೆ ಮೈ ಉರಿಯಿತು.

ಕುರ್ಚಿ ಎಳೆದುಕೊಂಡು ಆ ಇಬ್ಬರ ಹಿಂದೆ ಕೂತಳು. ಪರದೆ ನೋಡಿ ನೋಡಿ ಸಾಕಾಗಿತ್ತು, ಮನುಷ್ಯರನ್ನು ನೋಡಿದಳು.

"ಒತ್ಲಾ?"

"ಹೂಂ, ಒತ್ತಿ."

ಎಷ್ಟೋ ವರ್ಷ ಒಂದೇ ಮೇಜು ಹಂಚಿಕೊಂಡ ಮರ್ಯಾದಸ್ಥರು. ಒತ್ತುವ ಮುಂಚೆ ಓರೆಗಣ್ಣಲ್ಲಿ ಪಕ್ಕದವರನ್ನು ನೋಡುವರು. ಒಬ್ಬರ ಬೆರಳು ಇಳಿದ ಮೇಲೇ ಇನ್ನೊಬ್ಬರ ಬೆರಳು. ವಾರವಿಡೀ ಎರಡು ಕರೆ ಒಟ್ಟಿಗೆ ಬಂದೇ ಇರಲಿಲ್ಲ!

"ಎದೆ ಹಿಡ್ಕೊಂಡೋರು 'ನೀವು ಮೊದಲು, ನೀವು ಮೊದಲು' ಅಂತ ಕಾಯ್ತಾರೇನ್ರೀ?" ಎಂದು ಎದ್ದಳು. ಒಬ್ಬರನ್ನು ಮೇಲಿನ ಮಹಡಿಗೆ ಅಟ್ಟಿದಳು. "ಯಾರನ್ನೂ ನೋಡ್ಬೇಡಿ, ಕೇಳ್ಬೇಡಿ. ನಾನು ಸಾಕು ಅನ್ನೋವರೆಗೂ ಒತ್ತುತ್ತಾ ಇರಿ."

ಅವಳ ಪರದೆಯಲ್ಲಿ ಕರೆಗಳು ಸುರಿಯತೊಡಗಿದವು. ಸರಿ, ಸರಿ, ಸರಿ. ಆಮೇಲೆ ಪೇಟೆ ಬೀದಿಯ ಎದೆನೋವಿಗೆ ಏಳನೇ ಗಾಡಿ ಬಿತ್ತು. ಅದರ ಹಿಂದಿನ ಬೀದಿಯ ಹೆರಿಗೆಗೂ ಅದೇ ಏಳನೇ ಗಾಡಿ.

"ಸಿಕ್ತು!" ಎಂದು ಅವಳು ಕೂಗಿದ್ದು ಮೇಲಿನ ಮಹಡಿಗೂ ಕೇಳಿಸಿತು. ಇಡೀ ಆಫೀಸು ಅವಳ ಬೆನ್ನ ಹಿಂದೆ ಮುತ್ತಿಕೊಂಡಿತು. ಅಷ್ಟು ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ, ಗಂಡನಿಗೆ ಹೇಳಬಾರದು ಅಷ್ಟೆ.

ಮೈದುನ ಪರದೆಯತ್ತ ಬಗ್ಗಿದ. "ಹೆರಿಗೆಯವರು ಕಾಯ್ತಾನೇ ಇರ್ತಿದ್ರು ಅತ್ತಿಗೆ. ಗಾಡಿ ಹೊರಟಿದೆ ಅಂತ ನಂಬ್ಕೊಂಡು."

"ಇನ್ನು ಕಾಯಲ್ಲ. ಕೂತ್ಕೋ, ಸರಿಮಾಡು."

ಮ್ಯಾನೇಜರು ಬಾಗಿಲಿಂದ ಮುಂದೆ ಬಂದರು. "ಮುಂದಿನ ವಾರಾನೂ ನಿಮ್ಮ ಪ್ಲಾನೇ," ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಇನ್ಮೇಲೆ ಎಲ್ಲ ಪ್ರಾಜೆಕ್ಟಿಗೂ ಇವರದೇ ಪ್ಲಾನು, ಅತ್ತಿಗೇದು" ಎಂದರು.

ಪ್ರೋಗ್ರಾಮು ಕೆಲಸಕ್ಕಿಳಿದ ಮೊದಲ ದಿನ ಅತ್ತಿಗೆ, ಮೈದುನ ಇಬ್ಬರೂ ಕೇಂದ್ರಕ್ಕೆ ಹೋಗಿ ಗೋಡೆಗೆ ಒರಗಿ ನಿಂತಿದ್ದರು. ಬೆಳಗ್ಗೆಯೆಲ್ಲ ಕರೆಗಳು ಒಂದೊಂದಾಗಿ ಬಂದವು. ಊಟದ ಹೊತ್ತಿಗೆ ಎರಡು ಫೋನು ಒಮ್ಮೆಗೇ ಬಡಿದುಕೊಂಡವು. ಇಬ್ಬರು ಹೆಂಗಸರು ಎತ್ತಿಕೊಂಡರು, ಪಕ್ಕಕ್ಕೆ ತಿರುಗದೆ ವಿಳಾಸ ಒತ್ತಿದರು. ಮೈದುನ ಕಿಟಕಿಗೆ ಓಡಿದ.

ಕೆಳಗೆ ಗೇಟು ತೆರೆಯಿತು. ಒಂದು ಗಾಡಿ ಎಡಕ್ಕೆ ತಿರುಗಿತು. ಅದರ ಬೆನ್ನಿಗೇ ಇನ್ನೊಂದು ಹೊರಬಿದ್ದು ಬಲಕ್ಕೆ ಹೋಯಿತು.