ನಾಲೆಗೆ ಬಿದ್ದಳು

ಶ್ರೀರಂಗಪಟ್ಟಣದ ಕೋಟೆಯೊಳಗೆ, ಗುಡಿಯ ಹಿಂದಿನ ಬೀದಿಯಲ್ಲಿ ಯಶೋಧರಾ ಅವರ ಮನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಈಗ ಜಗಲಿಯಲ್ಲೇ ಏಳೆಂಟು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು. ವ್ಯಾಕರಣದ ಪುಸ್ತಕಕ್ಕಿಂತ ಜನ ಆಡುವ ಮಾತಿನ ಮೇಲೆ ಅವರಿಗೆ ನಂಬಿಕೆ. ಭೂತಕಾಲದ ಕ್ರಿಯಾಪದವೊಂದು ಪಕ್ಕದ ಪುಟ್ಟ ಪದದ ಸಹವಾಸಕ್ಕೆ ಬಿದ್ದು ಹೇಗೆ ಬೇರೆಯೇ ಆಗಿಬಿಡುತ್ತದೆ ಎಂದು ತೋರಿಸುವುದರಲ್ಲಿ ಅವರಿಗೆ ಎಲ್ಲಿಲ್ಲದ ಹುರುಪು. 'ಲುಕ್ಡ್ ಆಫ್ಟರ್' ಎಂದರೆ ನೋಡಿಕೊಂಡಳು, 'ಲುಕ್ಡ್ ಫಾರ್' ಎಂದರೆ ಹುಡುಕಿದಳು. 'ಫೆಲ್ ಆಫ್' ಎಂದರೆ ಮೇಲಿನಿಂದ ಬಿದ್ದಳು, 'ಫೆಲ್ ಇನ್‌ಟು' ಎಂದರೆ ಒಳಕ್ಕೆ ಬಿದ್ದಳು.

ಆ ದಿನ 'ಅವಳು ನಾಲೆಗೆ ಬಿದ್ದಳು' ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಅರಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಕುಸುಮ ಒಬ್ಬಳು ಮಾತ್ರ 'ಜಂಪ್ಡ್ ಇನ್‌ಟು' ಎಂದು ಬರೆದಿದ್ದಳು. ತಿದ್ದಲು ಹೋದರೆ ಹುಡುಗಿ ತಲೆ ತಗ್ಗಿಸಿ ಹೇಳಿದಳು:

"ನಮ್ ಕಡೆ ನಾಲೆಗೆ ಬಿದ್ಲು ಅಂದ್ರೆ ಕಾಲು ಜಾರಿ ಅಲ್ಲ ಮಿಸ್. ಬೇಕಂತ್ಲೇ ಬಿದ್ಲು ಅಂತ."

ಯಶೋಧರಾ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಿಬಿಟ್ಟರು.

ಒಂಬತ್ತು ವರ್ಷದ ಹಿಂದೆ ಅವರ ತಮ್ಮ ಶ್ರೀಕರ, ವಕೀಲ, ಹೈಕೋರ್ಟಿಗೆ ಬೇಕಾದ ಕಾಗದಗಳನ್ನು ಅನುವಾದಕ್ಕೆ ತಂದುಕೊಟ್ಟಿದ್ದ. ಅರಕೆರೆಯ ಬೆಟ್ಟಮ್ಮನ ಮಗಳು ಅರ್ಪಿತಳನ್ನು ಕ್ಯಾತನಹಳ್ಳಿಯ ರವೀಂದ್ರನಿಗೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೇ ವರ್ಷಕ್ಕೆ ಅವಳ ಹೆಣ ನಾಲೆಯಲ್ಲಿ ಸಿಕ್ಕಿತು. ಗಂಡನ ಹಿಂಸೆಯೇ ಕಾರಣವೆಂದು ಕೆಳಗಿನ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿತ್ತು. ಅವನ ಪರವಾಗಿ ಮೇಲ್ಮನವಿ ಹಾಕಿದವನು ಶ್ರೀಕರ. ತಾಯಿಯ ಹೇಳಿಕೆಯಲ್ಲಿ ಒಂದು ಸಾಲಿತ್ತು: 'ಬಟ್ಟೆ ಒಗೆಯಲು ಹೋದ ನನ್ನ ಮಗಳು ನಾಲೆಗೆ ಬಿದ್ದಳು.'

ಆ ಸಾಲಿನ ಮುಂದೆ ಯಶೋಧರಾ ಒಂದು ಗಳಿಗೆ ತಡೆದಿದ್ದರು. ಎರಡು ಅರ್ಥವೂ ಹೊಳೆದಿತ್ತು. ಹಾರಿದಳೆಂದು ಬರೆದರೆ ತಾಯಿ ಆಡದ ಮಾತನ್ನು ತಾವು ಸೇರಿಸಿದಂತಾಗುತ್ತದೆ ಎಂದುಕೊಂಡರು. ತಮ್ಮನಿಗೆ ಯಾವುದು ಅನುಕೂಲ ಎಂಬುದೂ ಮನಸ್ಸಿನ ಮೂಲೆಯಲ್ಲಿ ಇತ್ತು. 'ಫೆಲ್ ಇನ್‌ಟು' ಎಂದು ಬರೆದು ಪುಟ ಮಗುಚಿದರು. ಹೆತ್ತ ತಾಯಿಯೇ ಆಕಸ್ಮಿಕ ಎಂದಿದ್ದಾಳಲ್ಲ ಎಂದು ಶ್ರೀಕರ ವಾದಿಸಿದ. ರವೀಂದ್ರ ಬಿಡುಗಡೆಯಾಗಿ ಬಂದ.

ಕುಸುಮ ಹೇಳಿದ ಮೇಲೆ ಯಶೋಧರಾಗೆ ಊಟ ಸೇರದಾಯಿತು. ಬೆಳಿಗ್ಗೆ ಕಾವೇರಿಯ ಸೋಪಾನಕಟ್ಟೆಗೆ ಹೋದರೆ, ಪಕ್ಕದಲ್ಲಿ ಯಾರೋ ಬಟ್ಟೆ ಕುಕ್ಕುವ ಸದ್ದು. ತಿರುಗಿ ನೋಡಿದರೆ ಕಲ್ಲು ಒಣಗಿರುತ್ತಿತ್ತು. ಬಾವಿಗೆ ಕೊಡ ಇಳಿಬಿಟ್ಟರೆ ಆ ಭಾರ ಕೊಡದ್ದಲ್ಲ ಎನಿಸಿ ಹಗ್ಗ ಕೈಯಿಂದ ಜಾರುತ್ತಿತ್ತು. ಶ್ರೀಕರನ ಹತ್ತಿರ ಹೇಳಿಕೊಂಡರೆ, ಮುಗಿದ ಕೇಸು ಅಕ್ಕ, ಬಿಟ್ಟುಬಿಡು ಎಂದ. ಹತ್ತು ದಿನ ಕಳೆದ ಮೇಲೆ ಯಶೋಧರಾ ಅರಕೆರೆಯ ಬಸ್ಸು ಹತ್ತಿದರು.

ಬೆಟ್ಟಮ್ಮ ಹಟ್ಟಿ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಬಂದವರು ಕುಸುಮಳ ಮಿಸ್ ಎಂದು ತಿಳಿದು ಚಾಪೆ ಹಾಸಿದಳು. ಗೋಡೆಯ ಮೇಲಿನ ಪಟದಲ್ಲಿ ಅರ್ಪಿತ. ಅಗಲವಾದ ಹಣೆ, ಕೂಡಿದ ಹುಬ್ಬು. ಯಶೋಧರಾ ಅದರಿಂದ ಕಣ್ಣು ತಪ್ಪಿಸಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ, ಅಂದು ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು.

ಬೆಟ್ಟಮ್ಮ ಸೆರಗಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡಳು.

"ಹಾರ್ಕೊಂಡ್ಲು ಅನ್ನಕ್ಕೆ ಹೆತ್ತೋಳ್ಗೆ ಬಾಯಿ ಬತ್ತದಾ ಅವ್ವಾ? ಬಿದ್ಲು ಅಂದೆ. ಊರ್ಗೆಲ್ಲ ಗೊತ್ತಾಯ್ತು, ಪೋಲೀಸ್ನೋರ್ಗೂ ಗೊತ್ತಾಯ್ತು. ದೊಡ್ಡ ಕೋರ್ಟ್ಗೆ ಯಾಕ್ ಗೊತ್ತಾಗ್ನಿಲ್ಲ ಅಂತ ಇಷ್ಟ್ ವರ್ಸ ಕೇಳ್ಕೊಂಡು ಕುಂತಿದ್ದೆ."

ಯಶೋಧರಾ ಅವಳ ಕೈ ಹಿಡಿಯಲು ಹೋದರು. ಬೆಟ್ಟಮ್ಮ ಕೈ ಕೊಡಲಿಲ್ಲ. ಕೋರ್ಟಿಗೆ ಬರೆಯುತ್ತೇನೆ, ತಪ್ಪು ನನ್ನದೆಂದು ಒಪ್ಪಿಕೊಳ್ಳುತ್ತೇನೆ ಎಂದರು. ಆಗ ಬೆಟ್ಟಮ್ಮ ಬೇಡವೆಂದು ತಲೆಯಾಡಿಸಿ ಮೊಮ್ಮಗಳ ವಿಷಯ ಹೇಳಿದಳು. ರವೀಂದ್ರ ಇನ್ನೊಂದು ಮದುವೆಯಾದ ಮೇಲೆ ಮಗುವನ್ನು ಇಲ್ಲಿ ತಂದು ಬಿಟ್ಟು ಹೋಗಿದ್ದ. ಈಗ ಅವಳಿಗೆ ಹದಿಮೂರು. ಅವ್ವ ಬಟ್ಟೆ ಒಗೆಯುವಾಗ ಕಾಲು ಜಾರಿ ಬಿದ್ದಳೆಂದೇ ನಂಬಿದ್ದಾಳೆ.

"ಅವ್ವ ಬೇಕಂತ್ಲೇ ನನ್ನ ಬುಟ್ಟೋದ್ಲು ಅಂತ ಆ ಮಗಿಗೆ ಗೊತ್ತಾಗೋದು ಬ್ಯಾಡ. ನೀವು ಬರ್ದಿದ್ದೇ ಅವಳ್ಗೆ ನಿಜ ಆಗ್ಲಿ," ಎಂದಳು. ಬಸ್ಸಿಗೆ ಹೊರಟಾಗ ಮಾತ್ರ ಬಾಗಿಲ ತನಕ ಬಂದಳು. "ಇಂಗ್ಲೀಸಲ್ಲಿ ಹಿಂದೆ ಬಿದ್ದವ್ಳೆ. ನಿಮ್ತಾವ್ಕೆ ಕಳಿಸ್ತೀನಿ, ಹೇಳ್ಕೊಡಿ."

ಅದು ಕ್ಷಮೆಯೋ ಶಿಕ್ಷೆಯೋ ಯಶೋಧರಾಗೆ ತಿಳಿಯಲಿಲ್ಲ. ಒಪ್ಪಿಕೊಂಡರು.

ಮುಂದಿನ ಸೋಮವಾರ ಕುಸುಮಳ ಜೊತೆ ಆ ಹುಡುಗಿ ಬಂದಳು. ಅದೇ ಹಣೆ, ಅದೇ ಹುಬ್ಬು. ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಯಶೋಧರಾ ಅವರ ಎದುರಿಗೇ ಕುಳಿತು ನೋಟ್‌ಬುಕ್ಕು ತೆರೆದಳು. ಯಶೋಧರಾ ಏನು ಹೇಳಹೊರಟಿದ್ದರೋ ಅದನ್ನೇ ಮರೆತರು. ಎಲ್ಲ ಮಕ್ಕಳೂ ಕಾದರು. ಕೊನೆಗೆ ಹುಡುಗಿಯೇ, ಯಾವ ಪುಟ ಮಿಸ್ ಎಂದು ಕೇಳಿದಳು.